ಐದನೇ ಗುಡ್ಡದ ಬುಡದ ಮರಳು

ಹೊಳೆ ಕಡಲಿಗೆ ಸೇರುವ ಕಡೆ ಒಂದು ಆಶ್ರಮವಿತ್ತು. ಅಲ್ಲಿಂದ ತೆಂಕಣಕ್ಕೆ ನೋಡಿದರೆ ಒಂದರ ಹಿಂದೊಂದು ಏಳು ಗುಡ್ಡ. ಏಳೂ ಕಡಲಿನೊಳಕ್ಕೆ ಮೂಗು ಚಾಚಿಕೊಂಡು ನಿಂತಿದ್ದವು.

ಗುಡ್ಡಗಳ ತಲೆಯ ಮೇಲೆ ಹೊನ್ನೆಯ ಕಾಡು. ನಾಲ್ಕು ಜನ ಕೈಕೈ ಹಿಡಿದು ನಿಂತರೂ ತಬ್ಬಿಗೆ ಸಿಗದ ಮರಗಳು. ಗುಡ್ಡ ಗುಡ್ಡದ ನಡುವೆ ಒಂದೊಂದು ತುಂಡು ಮರಳು. ರಸ್ತೆ ಮಾತ್ರ ಇಲ್ಲ.

ವರ್ಷಕ್ಕೊಮ್ಮೆ, ಕಾರ್ತಿಕದ ಹುಣ್ಣಿಮೆಗೆ, ಊರೂರಿನಿಂದ ಜನ ಬಂದು ಆ ದಾರಿ ನಡೆಯುತ್ತಿದ್ದರು. ನಾಲ್ಕು ದಿನದ ನಡಿಗೆ. ಎಲ್ಲರಿಗೂ ಒಬ್ಬನೇ ಮುಂದಾಳು. ಅವನು ಏಳಿ ಅಂದರೆ ಏಳಬೇಕು, ಕೂರಿ ಅಂದರೆ ಕೂರಬೇಕು. ಎದುರು ಮಾತಿಲ್ಲ. ಆ ದಾರಿಯ ಕಟ್ಟಳೆಯೇ ಹಾಗೆ.

ಮೂವತ್ತು ವರ್ಷದಿಂದ ಆ ಮುಂದಾಳು ಆಶ್ರಮದ ಗುರು ಮುರಿಗೆಯ್ಯನವರೇ. ಈಗ ಅವರ ಎರಡು ಮಂಡಿಯೂ ಊದಿಕೊಂಡು ಬೇಲದ ಕಾಯಿಯ ಹಾಗಾಗಿದ್ದವು.

"ಸಾಕಾಯಿತು," ಎಂದರು ಒಂದು ಬೆಳಗ್ಗೆ, ಯಾರಿಗೆಂದಿಲ್ಲದೆ. "ಈ ವರ್ಷ ಬೇರೆ ಯಾರಾದರೂ ಜನರನ್ನು ಕರೆದುಕೊಂಡು ಹೋಗಲಿ."

ನೀರು ತರುತ್ತಿದ್ದ ಭರಮ ಕೊಡ ಕೆಳಗಿಟ್ಟ.

"ಬೇರೆ ಯಾರೋ ಯಾಕೆ ಬುದ್ಧಿ? ನಾನೇನು ಸತ್ತಿದ್ದೀನಾ?"

ಭರಮನೆಂದರೆ ಸಾಮಾನ್ಯದ ಆಳಲ್ಲ. ಬಯಲುಸೀಮೆಯ ಹಳ್ಳಿಯವನು. ಊರಿನ ಗರಡಿಮನೆಯ ಗುಂಡನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದವನು. ಆಶ್ರಮಕ್ಕೆ ಬಂದು ಮೂರು ವರ್ಷವಾಗಿತ್ತು. ಇಬ್ಬರ ಊಟ ಮಾಡುತ್ತಿದ್ದ, ಮೂವರ ಕೆಲಸ ಮಾಡುತ್ತಿದ್ದ, ಐವರ ಮಾತಾಡುತ್ತಿದ್ದ.

"ನಿನಗೆ ದಾರಿ ಗೊತ್ತಾ?"

"ದಾರಿಯೇನು ಬುದ್ಧಿ, ಬಲಕ್ಕೆ ಕಡಲು, ಎಡಕ್ಕೆ ಕಾಡು. ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತೇನೆ."

"ಕಣ್ಣು ಬಿಟ್ಟುಕೊಂಡೇ ಒಮ್ಮೆ ಹೋಗಿ ಬಾ."

ಭರಮ ಹೋದ. ನಾಲ್ಕು ದಿನದ ದಾರಿಯನ್ನು ಎರಡೇ ದಿನಕ್ಕೆ ಮುಗಿಸಿದ. ಏಳನೇ ಗುಡ್ಡದಾಚೆಯ ಊರಿನಲ್ಲಿ ಬಸ್ಸು ಹತ್ತಿ, ಮೂರನೇ ದಿನ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಆಶ್ರಮದ ಪಂಕ್ತಿಯಲ್ಲಿ ಬಂದು ಕೂತ.

"ನೋಡಿದೆಯಾ?" ಗುರು ಕೇಳಿದರು.

"ಏಳಕ್ಕೆ ಏಳೂ!"

"ಮೂರನೇ ಮರಳಿನ ಹತ್ತಿರ ಕುಡಿಯುವ ನೀರು ಎಲ್ಲಿ ಸಿಗುತ್ತದೆ?"

"ನನಗೆ ಬಾಯಾರಲೇ ಇಲ್ಲ ಬುದ್ಧಿ."

"ಆರನೇ ಗುಡ್ಡ ಹತ್ತುವಾಗ ಮುದುಕರು ಎಲ್ಲಿ ಕೂತು ಸುಧಾರಿಸಿಕೊಳ್ಳಬಹುದು?"

"ನಾನು ಕೂರಲೇ ಇಲ್ಲವಲ್ಲ!"

ಮುರಿಗೆಯ್ಯನವರು ಕಣ್ಣು ಮುಚ್ಚಿಕೊಂಡರು. ಅದು ಸಿಟ್ಟಲ್ಲ. ಒಂದೇ ಪಾಠವನ್ನು ಬಹಳ ಜನಕ್ಕೆ ಹೇಳಿದವರ ದಣಿವು.

"ಇನ್ನೊಮ್ಮೆ ಹೋಗು."

ಹದಿನೈದು ದಿನ ಬಿಟ್ಟು ಭರಮ ಮತ್ತೆ ಹೋದ. ಈ ಸಲ ಹೆಗಲ ಮೇಲೆ ಕೊಡಲಿ ಇತ್ತು. ನೀರಿನ ಒರತೆ ನೋಡಿಕೊಂಡ, ಕೂರುವ ಕಲ್ಲು ನೋಡಿಕೊಂಡ. ದಾರಿ ತಪ್ಪಬಾರದೆಂದು ತಿರುವು ತಿರುವಿನಲ್ಲೂ ಒಂದೊಂದು ಮರಕ್ಕೆ ಕಚ್ಚು ಹಾಕಿದ. ಈ ಸಲವೂ ಎರಡೇ ದಿನ.

"ಈಗ ಕುರುಡನನ್ನು ಬಿಟ್ಟರೂ ತಡವಿಕೊಂಡು ದಾಟಿಬಿಡುತ್ತಾನೆ ಬುದ್ಧಿ," ಎಂದ ಬಂದವನೇ. "ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ನೋಡಿ, ಇಂಥ ಸುಲಭದ ಕೆಲಸ!"

ಗುರು ಕೊಡಲಿ ತೆಗೆದುಕೊಂಡರು. ಬಾಯಿಗೆ ಒಣಗಿದ ಕೆಂಪು ಮೆತ್ತಿತ್ತು. ಹೆಬ್ಬೆರಳಿನಿಂದ ಕೆರೆದು ನೋಡಿದರು.

"ಯಾರಿಗೆ ಪೆಟ್ಟಾಯಿತು?"

"ಯಾರಿಗೂ ಇಲ್ಲ. ಹೊನ್ನೆಯ ಮರ ಅಲ್ಲವಾ, ಕಡಿದರೆ ಕೆಂಪಗೆ ಸುರಿಯುತ್ತದೆ."

"ಎಷ್ಟು ಮರ?"

"ನಲವತ್ತೊಂದು!" ಎಂದ ಭರಮ, ಪದಕ ಗೆದ್ದವನ ಹಾಗೆ.

ಮುರಿಗೆಯ್ಯನವರು ಕೊಡಲಿಯನ್ನು ಗೋಡೆಗೆ ಒರಗಿಸಿದರು.

"ದೀಪಾವಳಿಯ ಹೊತ್ತಿಗೆ ಈ ಮಂಡಿ ಒಂದಿಷ್ಟು ಇಳಿಯಬಹುದು. ಆಗ ನಾನೂ ಬರುತ್ತೇನೆ. ಮುಂದಾಳು ನೀನು."

ಭರಮನ ಎದೆ ಎರಡು ಗೇಣು ಅಗಲವಾಯಿತು.

"ನನ್ನೊಬ್ಬನನ್ನು ಆ ದಾರಿ ದಾಟಿಸು," ಎಂದರು ಗುರು. "ದಾಟಿಸಿದರೆ ಹುಣ್ಣಿಮೆಗೆ ಬರುವ ಜನ ನಿನ್ನ ಪಾಲು. ಇಲ್ಲವಾದರೆ ಅವರಿಗೆ ಬರಬೇಡಿ ಅಂತ ಹೇಳಿ ಕಳಿಸುತ್ತೇನೆ. ಈ ದಾರಿ ನನ್ನ ಜೊತೆಗೇ ಮುಗಿಯಲಿ."

"ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡಾದರೂ ದಾಟಿಸುತ್ತೇನೆ!"

"ಹೆಗಲು ಬೇಡ. ನಡೆಸಿಕೊಂಡು ಹೋಗು, ಸಾಕು."

ದೀಪಾವಳಿಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಇಬ್ಬರೂ ಹೊರಟರು.

ಮೊದಲ ಗುಡ್ಡ ಹತ್ತಿದ ಕೂಡಲೆ ಕಚ್ಚು ಬಿದ್ದ ಮೊದಲ ಮರ ಸಿಕ್ಕಿತು. ಕೆಂಪು ಸೋರಿ, ಗಟ್ಟಿಯಾಗಿ, ತೊಗಟೆಯ ಮೇಲೆ ನಿಂತಿತ್ತು. ಮುರಿಗೆಯ್ಯನವರು ಕೋಲನ್ನು ಊರಿ, ನಿಧಾನಕ್ಕೆ ಬಗ್ಗಿ, ಬುಡದ ಹಸಿ ಮಣ್ಣು ತೆಗೆದು ಕಲಸಿ ಗಾಯಕ್ಕೆ ಮೆತ್ತಿದರು.

ಎರಡನೇ ಮರಕ್ಕೂ ಹಾಗೇ. ಮೂರನೆಯದಕ್ಕೂ ಹಾಗೇ.

"ಬುದ್ಧಿ, ಹೀಗೆ ಹೋದರೆ ಹುಣ್ಣಿಮೆ ಇಲ್ಲೇ ಬಂದು ನಮ್ಮನ್ನು ಹಿಡಿಯುತ್ತದೆ."

"ಮುಂದಾಳು ನೀನು. ಬಿಟ್ಟು ನಡಿ ಅಂದರೆ ನಡೆಯುತ್ತೇನೆ."

ಹಾಗೆನ್ನಲು ಭರಮನಿಗೆ ನಾಲಿಗೆ ಏಳಲಿಲ್ಲ. ಮುದುಕರು ಬಗ್ಗುವಾಗ ಮಂಡಿ ಲಟಕ್ಕೆನ್ನುವುದು ಅವನಿಗೂ ಕೇಳುತ್ತಿತ್ತು. ನಾಲ್ಕನೇ ಮರಕ್ಕೆ ತಾನೇ ಬಗ್ಗಿದ.

ಗುಂಡು ಎತ್ತುವುದು ಒಂದೇ ಸಲದ ಕೆಲಸ. ಎತ್ತಿ ಎಸೆದರೆ ಸುತ್ತ ನಿಂತವರು ಸಿಳ್ಳೆ ಹಾಕುತ್ತಾರೆ. ಮಣ್ಣು ಮೆತ್ತುವುದಕ್ಕೆ ಯಾರೂ ಸಿಳ್ಳೆ ಹಾಕಲಿಲ್ಲ. ಇಪ್ಪತ್ತನೇ ಮರ ಮುಗಿಯುವಷ್ಟರಲ್ಲಿ ಭರಮನ ಬೆನ್ನು ಸೋತಿತ್ತು, ಮಾತು ಅದಕ್ಕೂ ಮುಂಚೆ ಸೋತಿತ್ತು.

"ಯಾವ ಹುಚ್ಚು ಹಿಡಿದಿತ್ತೋ ನನಗೆ," ಎಂದು ಗೊಣಗಿದ. "ಹತ್ತು ಮರ ಸಾಕಾಗಿತ್ತು."

"ಇನ್ನೆಷ್ಟಿವೆ?"

"ಕೇಳಬೇಡಿ ಬುದ್ಧಿ."

ಗುರು ನಕ್ಕರು. ಹೊರಟ ಮೇಲೆ ಅದೇ ಮೊದಲ ನಗು.

ಹೀಗೆ ಕಾಡು ಹತ್ತಿ, ಮರಳಿಗೆ ಇಳಿದು, ಮತ್ತೆ ಕಾಡು ಹತ್ತಿ, ಎರಡು ದಿನದಲ್ಲಿ ನಾಲ್ಕು ಗುಡ್ಡ ದಾಟಿದರು. ಮೂರನೇ ದಿನ ಬೆಳಗ್ಗೆ ಐದನೇ ಗುಡ್ಡ ಎದುರಿಗೆ ನಿಂತಿತು.

ಅದು ಉಳಿದವುಗಳ ಹಾಗಲ್ಲ. ಗೋಡೆಯ ಹಾಗೆ ನೆಟ್ಟಗಿತ್ತು. ಮೇಲೆ ಹತ್ತಲು ದಾರಿಯಿಲ್ಲ. ಬುಡದಲ್ಲಿ ಒಂದು ಫರ್ಲಾಂಗು ಉದ್ದದ ಮರಳಿನ ಪಟ್ಟಿ, ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕಡಲು. ಅದರ ಮೇಲೆಯೇ ನಡೆದು ಆಚೆಗೆ ಹೋಗಬೇಕು.

ಮುರಿಗೆಯ್ಯನವರು ಕೋಲಿನ ಮೇಲೆ ಗಲ್ಲ ಊರಿ ನೀರನ್ನು ನೋಡಿದರು.

"ಈಗ ಹೋಗುವುದಾ?"

"ಇದೇ ಹೊತ್ತು ಬುದ್ಧಿ!" ಭರಮನಿಗೆ ಮತ್ತೆ ಹುರುಪು ಬಂದಿತ್ತು. "ಹೊತ್ತು ಒಂದಾಳೆತ್ತರ ಏರಿದಾಗ ಇಲ್ಲಿ ನೀರು ಹಿಂದಕ್ಕೆ ಸರಿದಿರುತ್ತದೆ. ಎರಡು ಸಲವೂ ಇದೇ ಹೊತ್ತಿಗೆ ಬಂದಿದ್ದೇನೆ, ಎರಡು ಸಲವೂ ಒಣಗಾಲಿನಲ್ಲಿ ದಾಟಿದ್ದೇನೆ. ನಮ್ಮೂರ ಎಮ್ಮೆ ಸಂಜೆ ಮನೆಗೆ ಬರುತ್ತದಲ್ಲ, ಅದೂ ಇಷ್ಟು ನಿಕ್ಕಿಯಾಗಿ ಬರುವುದಿಲ್ಲ."

"ಸರಿ," ಎಂದರು ಗುರು. ಪಂಚೆ ಎತ್ತಿ ಕಟ್ಟಿಕೊಂಡರು.

ನೂರು ಹೆಜ್ಜೆಯವರೆಗೆ ಮರಳು ಗಟ್ಟಿಯಾಗಿಯೇ ಇತ್ತು. ಇನ್ನೂರನೇ ಹೆಜ್ಜೆಗೆ ಒಂದು ಅಲೆ ಬಂದು ಪಾದ ತೊಳೆದು ಹೋಯಿತು.

"ಒಂದು ಅಲೆ," ಎಂದ ಭರಮ.

ಅದರ ಹಿಂದೆ ಬಂದದ್ದು ಮೊಣಕಾಲಿಗೆ ಬಂತು. ಭರಮ ಹಿಂದಕ್ಕೆ ತಿರುಗಿ ನೋಡಿದ. ಬಂದ ದಾರಿ ಇರಲಿಲ್ಲ. ಮುಂದೆ ನೋಡಿದ. ಹೋಗುವ ದಾರಿಯೂ ಇರಲಿಲ್ಲ. ಎರಡೂ ಕಡೆ ನೊರೆ.

ಗುಡ್ಡದ ಬುಡಕ್ಕೆ ಅಂಟಿಕೊಂಡು ಒಂದು ಬಂಡೆ ಇತ್ತು. ಆಳೆತ್ತರ, ಮೇಲೆ ಇಬ್ಬರು ಕೂರುವಷ್ಟು ಜಾಗ. ಭರಮ ಗುರುಗಳ ಸೊಂಟಕ್ಕೆ ಕೈ ಹಾಕಿ, ಎತ್ತಿ ಅದರ ಮೇಲೆ ಕೂರಿಸಿದ. ತಾನೂ ಹತ್ತಿದ. ಅಷ್ಟರಲ್ಲಿ ನಿಂತಿದ್ದ ಜಾಗದಲ್ಲಿ ಸೊಂಟದ ಮಟ್ಟ ನೀರು.

"ಈಗ ಇಳಿದುಬಿಡುತ್ತದೆ ಬುದ್ಧಿ."

ಗುರು ತಲೆಯಾಡಿಸಿದರು.

ಇಳಿಯಲಿಲ್ಲ. ಹೊತ್ತು ಏರಿದ ಹಾಗೆ ನೀರೂ ಏರಿತು. ಪ್ರತಿ ಅಲೆಗೂ ಮುಖದ ಮೇಲೆ ಉಪ್ಪು. ಮುರಿಗೆಯ್ಯನವರ ಹಲ್ಲು ಕಟಕಟ ಎನ್ನತೊಡಗಿತು.

ಆ ಸದ್ದು ಕೇಳುತ್ತ ಕೂರಲು ಭರಮನಿಂದ ಆಗಲಿಲ್ಲ. ಎದ್ದು ನಿಂತು ಅಂಗಿ ಬಿಚ್ಚಿದ.

"ನಾನು ಈಜಿ ಹೋಗಿ ದೋಣಿ ತರುತ್ತೇನೆ. ಅಗೋ, ಆಚೆಯ ಮರಳು ಕಾಣಿಸುತ್ತಿದೆ. ಎಷ್ಟಿದೆ ಮಹಾ? ನಮ್ಮೂರ ಕೆರೆ ಇದರ ಮೂರು ಪಾಲು. ಎಮ್ಮೆಯ ಬಾಲ ಹಿಡಿಯದೆ ಒಂದೇ ಉಸಿರಿಗೆ ದಾಟಿದ್ದೇನೆ. ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ!"

ಮುರಿಗೆಯ್ಯನವರು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

"ಭರಮ, ಸ್ವಲ್ಪ ಕೂರು."

ಅವನು ಕೂತ ಕೂಡಲೆ ಎರಡು ಕಾಲನ್ನೂ ಚಾಚಿ ಅವನ ತೊಡೆಯ ಮೇಲೆ ಇಟ್ಟರು.

"ಮಂಡಿ ಒತ್ತು."

"ಈಗಲಾ?"

"ಈಗಲೇ ನೋಯುತ್ತಿರುವುದು."

ಭರಮ ಒತ್ತಿದ. ಕಾಲು ಮಂಜುಗಡ್ಡೆಯಾಗಿತ್ತು. ಒತ್ತಿ ಒತ್ತಿ ಒಂದಿಷ್ಟು ಬೆಚ್ಚಗಾಯಿತು. ಮೆಲ್ಲಗೆ ಕೆಳಗಿಳಿಸಿ ಏಳಲು ನೋಡಿದ.

"ಎಡಗಾಲು ಇನ್ನೂ ಜೋಮು."

ಎಡಗಾಲು ಒತ್ತಿದ.

"ಬುದ್ಧಿ, ಹೊತ್ತಾಗುತ್ತಿದೆ. ಒಂದು ಸಲ ಹಾರಿದರೆ..."

"ಈಗ ಬಲಗಾಲು."

"ಬಲಗಾಲು ಆಗಲೇ ಆಯಿತಲ್ಲ!"

"ಮತ್ತೆ ಹಿಡಿದುಕೊಂಡಿದೆ. ವಯಸ್ಸಾದವರ ಕಾಲು, ನಿನಗೇನು ಗೊತ್ತು?"

ಭರಮ ಹಲ್ಲು ಕಚ್ಚಿಕೊಂಡು ಒತ್ತಿದ. ಕೈಗೆ ಕೆಲಸವಿತ್ತು, ಕಣ್ಣಿಗೆ ಇರಲಿಲ್ಲ. ಬೇರೆ ದಾರಿಯಿಲ್ಲದೆ ಕಣ್ಣು ಕಡಲನ್ನು ನೋಡಿತು.

ಎರಡು ಸಲ ಈ ದಾರಿ ಬಂದಿದ್ದ, ಒಮ್ಮೆಯೂ ನೀರನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಕೆರೆಯ ನೀರು ಇದ್ದಲ್ಲಿ ಇರುತ್ತದೆ. ಇದು ಮುಂದಕ್ಕೆ ಬರುತ್ತಿತ್ತು, ಪಕ್ಕಕ್ಕೆ ಎಳೆಯುತ್ತಿತ್ತು, ಅಡಿಯಿಂದ ಹಿಂದಕ್ಕೆ ಸೆಳೆಯುತ್ತಿತ್ತು, ಎಲ್ಲವನ್ನೂ ಒಟ್ಟಿಗೇ ಮಾಡುತ್ತಿತ್ತು.

ಎಲ್ಲಿಂದಲೋ ಒಂದು ಮರದ ದಿಮ್ಮಿ ತೇಲಿ ಬಂತು. ಇವನು ಈಜಬೇಕೆಂದಿದ್ದ ಜಾಗಕ್ಕೇ ಬಂತು. ಒಂದು ಗಳಿಗೆ ಅತ್ತ ಇತ್ತ ಆಡಿತು. ಆಮೇಲೆ ಒಂದು ಅಲೆ ಅದನ್ನು ಎತ್ತಿ ಗುಡ್ಡಕ್ಕೆ ಅಪ್ಪಳಿಸಿತು. ಕೂತ ಬಂಡೆ ಅದುರಿತು. ದಿಮ್ಮಿ ಎರಡು ತುಂಡಾಗಿ ನೊರೆಯೊಳಗೆ ಹೋಯಿತು.

ಭರಮನ ಕೈ ನಿಂತಿತು. ಆಮೇಲೆ ತಾನಾಗಿಯೇ ಮತ್ತೆ ಒತ್ತತೊಡಗಿತು.

ಬಹಳ ಹೊತ್ತಿನ ಮೇಲೆ ಅಂದ, "ಬುದ್ಧಿ, ನಿಮಗೆ ಗೊತ್ತಿತ್ತು."

"ಏನು?"

"ನೀರು ಏರುತ್ತದೆ ಅಂತ."

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಹಿಂದೆ ಬಂದಿರಾ?"

"ಮುಂದಾಳು ನೀನು."

ಭರಮನಿಗೆ ರೇಗಿತು. "ಎಂಥ ಕಟ್ಟಳೆ ಇದು! ಇಬ್ಬರೂ ಸತ್ತಿದ್ದರೆ?"

"ಈ ಬಂಡೆ ಮುಳುಗುವುದಿಲ್ಲ. ಕೂತವರಿಗೆ ಏನೂ ಆಗುವುದಿಲ್ಲ. ಚಳಿ, ಹಸಿವು, ಅಷ್ಟೇ." ಗುರು ಕಣ್ಣು ಮುಚ್ಚಿದರು. "ನನಗೆ ಆಯಾಸವಾಗಿದೆ, ಭರಮ. ಒತ್ತುತ್ತಿರು."

ಹೊತ್ತು ನೆತ್ತಿಗೆ ಬಂತು. ನೆತ್ತಿ ದಾಟಿತು. ಭರಮನ ಬೆರಳು ಮರಗಟ್ಟಿದವು, ತುಟಿ ಉಪ್ಪಿಗೆ ಒಡೆಯಿತು. ಬಡಾಯಿ ಕೊಚ್ಚಿಕೊಳ್ಳಲು ಒಂದು ಮಾತೂ ಒಳಗೆ ಉಳಿದಿರಲಿಲ್ಲ. ಎಷ್ಟು ದಣಿದಿದ್ದನೆಂದರೆ ನೀರು ಇಳಿಯುತ್ತಿರುವುದೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಂದು ನಗು ಕೇಳಿದಾಗ.

"ಹೋಯ್ ಅಯ್ಯನೋರೇ! ಈ ಸಲದ ಹಬ್ಬ ಬಂಡೆ ಮೇಲೆಯಾ?"

ಆಚೆಯ ಕಡೆಯಿಂದ ಮೊಣಕಾಲು ನೀರಿನಲ್ಲಿ ಒಬ್ಬ ಮುದುಕಿ ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಒಂದು ಕಬ್ಬಿಣದ ಕೊಕ್ಕೆ. ನೀರು ಇಳಿದಾಗ ಬಂಡೆಗಳಿಂದ ಚಿಪ್ಪು ಕೀಳಲು ಬರುವವಳು. ಹೆಸರು ಮಂಕಾಳಿ. ಮುರಿಗೆಯ್ಯನವರನ್ನು ಮೂವತ್ತು ವರ್ಷದಿಂದ ಬಲ್ಲವಳು.

"ಏನು ಮಾಡಲಿ ಮಂಕಾಳಿ," ಎಂದರು ಗುರು. "ಮುಂದಾಳು ಕೂರಿಸಿದ, ಕೂತೆ."

"ಇವನಾ ಮುಂದಾಳು?" ಮುದುಕಿ ಭರಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆಳು ಹೋರಿ ಇದ್ದ ಹಾಗೆ ಇದ್ದಾನೆ. ಎಂತಾ ಮಾರಾಯ, ಏರು ನೀರಿನಲ್ಲಿ ಯಾರಾದರೂ ಇಲ್ಲಿಗೆ ಇಳೀತಾರಾ?"

"ಎರಡು ಸಲ ಇದೇ ಹೊತ್ತಿಗೆ ದಾಟಿದ್ದೆ ಅಜ್ಜಿ," ಎಂದ ಭರಮ. ದನಿ ಅವನಿಗೇ ಕೇಳಿಸಲಿಲ್ಲ.

"ಯಾವ ತಿಥಿ?"

"ತಿಥಿಯಾ? ಚೌತಿ ಇರಬೇಕು. ಎರಡು ಸಲವೂ ಚೌತಿ."

"ಇವತ್ತು ಅಮಾಸೆ! ನೀರು ದಿನಾ ಎರಡು ಗಳಿಗೆ ತಡ ಮಾಡಿ ಇಳೀತದೆ. ನಿನ್ನೆ ಇಳಿದ ಹೊತ್ತಿಗೆ ಇವತ್ತು ಇಳಿಯೂದಿಲ್ಲ. ನಿನ್ನ ಚೌತಿಯ ಹೊತ್ತು ಚೌತಿಗೆ ಮಾತ್ರ. ಕಡಲು ಅಂದರೆ ನಿಮ್ಮೂರಿನ ಬಸ್ಸಾ, ಹೊತ್ತಿಗೆ ಸರಿಯಾಗಿ ಬಂದು ನಿಲ್ಲೂದಕ್ಕೆ?"

ಭರಮ ತಲೆ ತಗ್ಗಿಸಿದ.

"ಹೋಗಲಿ ಬಿಡು," ಎಂದಳು ಮಂಕಾಳಿ, ಬುಟ್ಟಿಯನ್ನು ಸೊಂಟಕ್ಕೆ ಇಳಿಸಿಕೊಂಡು. "ಸುಮ್ಮನೆ ಕೂತೆಯಲ್ಲ, ಅದೇ ದೊಡ್ಡದು. ನಮ್ಮ ಚನ್ನವೀರಯ್ಯ ಕೂತಿದ್ದರೆ ಇವತ್ತಿಗೆ ಅವನೇ ಜನರನ್ನ ಕರಕೊಂಡು ಬರ್ತಿದ್ದ. ಪಾಪದವ. ಇದೇ ಬಂಡೆ ಅಲ್ಲನ್ರಾ ಅಯ್ಯನೋರೇ?"

ಮುರಿಗೆಯ್ಯನವರು ಪಂಚೆಯ ನೀರು ಹಿಂಡತೊಡಗಿದರು. ಮಂಕಾಳಿ ಉತ್ತರಕ್ಕೆ ಕಾಯಲಿಲ್ಲ. ಆಡಬಾರದ್ದನ್ನು ಆಡಿದವಳ ಹಾಗೆ ಸೆರಗು ಸರಿಮಾಡಿಕೊಂಡು, ಚಿಪ್ಪು ಕೀಳಲು ಮುಂದೆ ಹೋದಳು.

ಭರಮ ಬಂಡೆಯಿಂದ ಇಳಿದ. ನೀರಿಗೆ ಕಾಲಿಟ್ಟು, ಆಳ ನೋಡಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದ. ಆಮೇಲೆ ಗುರುಗಳ ಕೈ ಹಿಡಿದು ಇಳಿಸಿಕೊಂಡ. ಅವರ ಹೆಜ್ಜೆಗೆ ತನ್ನ ಹೆಜ್ಜೆ ಇಟ್ಟು ನಡೆದ. ಇಬ್ಬರೂ ಆಚೆಯ ಮರಳು ಸೇರಿದರು.

"ಚನ್ನವೀರ ಯಾರು ಬುದ್ಧಿ?"

"ನಿನಗಿಂತ ಮುಂಚೆ ಬಂದವನು. ನಿನ್ನ ಹಾಗೇ ಗಟ್ಟಿಯಾಳು. ಒಳ್ಳೆಯ ಹುಡುಗ."

"ಅವನೂ ತಪ್ಪು ಹೊತ್ತಿಗೆ ಇಳಿದನಾ?"

"ಆಗ ಮುಂದಾಳು ನಾನು. ಇಳಿದವನು ನಾನು. ಅವನು ನನ್ನ ಹಿಂದೆ ಬಂದ."

ಭರಮನ ಹೆಜ್ಜೆ ನಿಂತಿತು.

"ನನಗೆ ಚಳಿ ಹತ್ತಿತು," ಎಂದರು ಮುರಿಗೆಯ್ಯನವರು. "ಅವನಿಗೆ ನೋಡಲಾಗಲಿಲ್ಲ. ಈಜಿ ಹೋಗಿ ದೋಣಿ ತರುತ್ತೇನೆ ಅಂದ. ಹಾರಿದವನು ತಿರುಗಿ ಬರಲಿಲ್ಲ."

ಅಲೆ ಬಂದು ಇಬ್ಬರ ಪಾದವನ್ನೂ ಮುಟ್ಟಿ ಹೋಯಿತು.

"ಬುದ್ಧಿ, ಹುಣ್ಣಿಮೆಯವರಿಗೆ ಬರಬೇಡಿ ಅಂತ ಹೇಳಿ ಕಳಿಸಿ," ಎಂದ ಭರಮ ಕೊನೆಗೆ. "ನನ್ನ ಕೈಲಿ ಆಗುವ ಕೆಲಸ ಅಲ್ಲ ಇದು."

"ಬರುತ್ತಾರೆ. ನೀನೇ ಕರೆದುಕೊಂಡು ಹೋಗುತ್ತೀಯ."

"ನಿಮ್ಮೊಬ್ಬರನ್ನು ದಾಟಿಸಲು ಆಗಲಿಲ್ಲ ನನ್ನಿಂದ!"

"ಹೊತ್ತು ಯಾವುದು ಅಂತ ಮಂಕಾಳಿ ಹೇಳಿಕೊಡುತ್ತಾಳೆ. ಕೇಳಿ ಕಲಿ. ಬರುವ ಜನರಲ್ಲಿ ಅಂಗಿ ಬಿಚ್ಚುವವನೊಬ್ಬ ಇದ್ದೇ ಇರುತ್ತಾನೆ. ಅವನ ಪಕ್ಕ ನೀನು ಕೂರು."

ಭರಮನ ಕಣ್ಣು ತುಂಬಿತು. ಉಪ್ಪುನೀರು ಹೊಡೆದ ಉರಿ ಎಂಬಂತೆ ಮುಂಗೈಯಿಂದ ಒರೆಸಿಕೊಂಡ. ಮನಸ್ಸಿನೊಳಗೆ ಇನ್ನೂ ಒಂದು ಕುದಿಯುತ್ತಿತ್ತು.

"ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ ಬುದ್ಧಿ. ನಾನು ಅಂಗಿ ಬಿಚ್ಚಿ ನಿಂತಿದ್ದೆ. ಇನ್ನೊಂದು ಚಣವಾಗಿದ್ದರೆ ಹಾರಿಬಿಡುತ್ತಿದ್ದೆ. ಬೇಡ ಕಣೋ ಅಂತ ಒಂದೇ ಒಂದು ಮಾತು ಹೇಳುವುದು ಬಿಟ್ಟು, ಕಾಲು ಒತ್ತು ಅಂದಿರಲ್ಲ?"

ಮುರಿಗೆಯ್ಯನವರು ಮರಳಿನ ಮೇಲೆ ಮೆಲ್ಲಗೆ ಕೂತರು. ಕಡಲಿನ ಕಡೆ ನೋಡಲಿಲ್ಲ.

"ಚನ್ನವೀರನಿಗೆ ಬೇಡ ಅಂದಿದ್ದೆ, ಭರಮ."